ಗೋಡೆಯಿಂದ ಅಳೆದು ಮಾಡಿದ ರಸ್ತೆ: ನನ್ನ ಅನುಭವ

ಅರವತ್ತು ಅಡಿ ರಸ್ತೆಯಲ್ಲಿ ಫುಟ್‌ಪಾತು, ಸೈಕಲ್ ದಾರಿ, ಪಾರ್ಕಿಂಗು ಎಲ್ಲಾ ಕೂರಲ್ಲ ಅಂತ ನನಗೆ ಹೇಳದವರೇ ಇಲ್ಲ. ಕೂರುತ್ತದೆ. ಹಳೇ ಮೈಸೂರು ಭಾಗದ ಒಂದು ತಾಲೂಕು ಕೇಂದ್ರದಲ್ಲಿ, ಬಸ್ ಸ್ಟ್ಯಾಂಡಿನಿಂದ ಜೂನಿಯರ್ ಕಾಲೇಜಿನ ತನಕ ಸುಮಾರು 800 ಮೀಟರ್ ಮಾಡಿ ತೋರಿಸಿದ್ದೇನೆ. ಒಂದೆರಡು ಮಳೆಗಾಲವನ್ನೂ ಅದು ತಡೆದುಕೊಂಡಿದೆ. ನನ್ನ ಹಾಗೆ ಡಿಪಿಆರ್ (ವಿವರವಾದ ಯೋಜನಾ ವರದಿ) ಮಾಡುವವರು, ಪುರಸಭೆಯ ಜೆಇಗಳು (ಜೂನಿಯರ್ ಎಂಜಿನಿಯರುಗಳು) ಇದನ್ನು ಹೇಗೆ ಮಾಡಿದಿರಿ ಅಂತ ಆಗಾಗ ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಅಗಲೀಕರಣದ ಎಸ್ಟಿಮೇಟು ಹೇಗೆ ಹುಟ್ಟುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಸೆಂಟರ್ ಲೈನ್ ಹಾಕುತ್ತಾರೆ. ಅಲ್ಲಿಂದ ಎರಡೂ ಕಡೆ ಡಾಂಬರು, ಆಮೇಲೆ ಚರಂಡಿ. ಚರಂಡಿ ಮೇಲೆ ಚಪ್ಪಡಿ ಮುಚ್ಚಿದರೆ ಅದೇ ಫುಟ್‌ಪಾತ್. ಅರವತ್ತು ಅಡಿ ಅಂದರೆ ಸುಮಾರು 18 ಮೀಟರ್. ನನ್ನ ಕೈಗೆ ಬಂದ ಹಳೇ ಎಸ್ಟಿಮೇಟಿನಲ್ಲೂ ಡಾಂಬರು 14 ಮೀಟರ್ ಇತ್ತು, ಉಳಿದ ಎರಡೆರಡು ಮೀಟರಲ್ಲಿ ಚರಂಡಿ, ಕಂಬ, ಟ್ರಾನ್ಸ್‌ಫಾರ್ಮರ್, ಜನ. ನಾನು ಟೇಪನ್ನು ಗೋಡೆಗೆ ಹಿಡಿದೆ. ಕಾಂಪೌಂಡಿನಿಂದ ಎರಡೂವರೆ ಮೀಟರ್ ಫುಟ್‌ಪಾತ್, ಅದರ ಕೆಳಗೆ ಬಾಕ್ಸ್ ಚರಂಡಿ. ಆಮೇಲೆ ಒಂದೂವರೆ ಮೀಟರ್ ಸೈಕಲ್ ದಾರಿ. ಅದಕ್ಕೆ ಅಂಟಿಕೊಂಡು ಅರ್ಧ ಮೀಟರ್ ಕಟ್ಟೆ. ಎರಡೂ ಕಡೆ ಸೇರಿ ಒಂಬತ್ತು ಮೀಟರ್ ಹೋಯಿತು. ಒಂದು ಬದಿಗೆ ಎರಡು ಮೀಟರ್ ಪಾರ್ಕಿಂಗ್. ಗಾಡಿಗಳಿಗೆ ಏಳು ಮೀಟರ್, ಆ ತುದಿಯಿಂದ ಈ ತುದಿಗೆ ಒಂದೇ ಅಗಲ.

ಈ ಒಂದೇ ಅಗಲ ಅನ್ನುವುದು ನನ್ನ ಸ್ವಂತದ್ದಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಯೋಜನೆಯಲ್ಲಿ ಮಾಡಿದ್ದು ಅದೇ. ಆದರೆ ಅಲ್ಲಿಯ ದುಡ್ಡು ನಮ್ಮ ಪುರಸಭೆಗಳ ಕನಸಿಗೂ ಬರಲ್ಲ. ನಾನು ಮಾಡಿದ್ದು ಎಸ್‌ಆರ್ ದರದಲ್ಲಿ, ಅಂದರೆ ಸರ್ಕಾರದ ಮಾಮೂಲಿ ದರಪಟ್ಟಿಯಲ್ಲಿ.

ಪುರಸಭೆಯ ಸಭೆಯಲ್ಲಿ ಮೆಂಬರೊಬ್ಬರು ಎದ್ದು ನಿಂತು, "ಏನ್ ಸಾರ್, ರೋಡ್ ಅಗಲ ಮಾಡಿ ಅಂದ್ರೆ ಫುಟ್‌ಪಾತ್ ಅಗಲ ಮಾಡ್ತಿದ್ದೀರಲ್ಲ?" ಅಂದರು. ಐಆರ್‌ಸಿ 103 (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ, ನಡೆಯುವವರ ಸೌಲಭ್ಯದ ಮಾರ್ಗಸೂಚಿ) ತೆಗೆದು ತೋರಿಸಿದೆ. ಮನೆಗಳ ಕಡೆ 1.8 ಮೀಟರ್, ಅಂಗಡಿ ಸಾಲಿನಲ್ಲಿ 2.5 ಮೀಟರ್ ಖಾಲಿ ನಡೆಯುವ ಜಾಗ ಇರಬೇಕು ಅಂತ ಅದರಲ್ಲೇ ಇದೆ. ಪುಸ್ತಕಕ್ಕೆ ಯಾರೂ ಸೊಪ್ಪು ಹಾಕಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಅಂದ ಮೇಲೆ ಇಂಥ ಸಭೆಗಳಲ್ಲಿ ಮಾತು ಸ್ವಲ್ಪ ಸುಲಭವಾಗಿದೆ. ಆದರೆ ಅವತ್ತಿನ ಸಭೆಯಲ್ಲಿ ನನಗೆ ಕೆಲಸಕ್ಕೆ ಬಂದದ್ದು ದುಡ್ಡಿನ ಲೆಕ್ಕ.

ಲೆಕ್ಕ ಹೀಗೆ. ಐದು ಮೀಟರ್ ಡಾಂಬರು ಕಮ್ಮಿ ಅಂದರೆ ಜಲ್ಲಿ, ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ ಮಿಶ್ರಣ), ಡಾಂಬರು ಎಲ್ಲಾ ಸೇರಿ ನಾಲ್ಕು ಸಾವಿರ ಚದರ ಮೀಟರ್ ಉಳಿಯಿತು. ಚದರ ಮೀಟರಿಗೆ 1,800 ಅಂತ ಹಿಡಿದರೂ ಎಪ್ಪತ್ತು ಲಕ್ಷದ ಮೇಲೆ. ಸೈಕಲ್ ದಾರಿಯ ಕಾಂಕ್ರೀಟಿಗೆ ಮೂವತ್ತು ಲಕ್ಷದ ಹತ್ತಿರ. ಜಾಸ್ತಿಯಾದ ಫುಟ್‌ಪಾತಿಗೆ ಎಂಟು, ಅಂಚಿನ ಕರ್ಬ್ ಕಲ್ಲಿಗೆ ಏಳು, ಬೊಲಾರ್ಡು (ಗಾಡಿ ತಡೆಯುವ ಗಿಡ್ಡ ಕಂಬ), ಗಿಡ ಎಲ್ಲಾ ಸೇರಿ ಐದು. ಕಂಬಗಳ ಶಿಫ್ಟಿಂಗಿಗೆ ಹದಿನಾಲ್ಕು. ಒಟ್ಟು ಅರವತ್ತೈದರ ಆಸುಪಾಸು. ಅಂದರೆ ನಡೆಯುವವರಿಗೂ ಸೈಕಲ್ಲಿನವರಿಗೂ ಹೊಸ ಅನುದಾನ ಒಂದು ರೂಪಾಯಿ ಬೇಕಾಗಲಿಲ್ಲ. ಈ ಹಾಳೆಯನ್ನು ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಸಾಹೇಬರ ಮುಂದೆ ಇಟ್ಟ ದಿನವೇ ಅರ್ಧ ಜಗಳ ಮುಗಿಯಿತು.

ಕಂಬಗಳ ಬಗ್ಗೆ ಒಂದು ಮಾತು. ವಿದ್ಯುತ್ ಕಂಪನಿಗೆ ಡಿಪಾಸಿಟ್ ಕಟ್ಟಿ ಕಾಯುತ್ತಾ ಕೂತರೆ ವರ್ಷ ಕಳೆಯುತ್ತದೆ. ಮೇಲ್ವಿಚಾರಣೆ ಶುಲ್ಕ ಕಟ್ಟಿ ನಾವೇ ಲೈಸೆನ್ಸಿನವರಿಂದ ಮಾಡಿಸುವ ದಾರಿ ಇದೆ. ಅದನ್ನೇ ಹಿಡಿಯಿರಿ. ಕಂಬ ಮಧ್ಯದಲ್ಲಿ ಉಳಿದರೆ ಎರಡೂವರೆ ಮೀಟರ್ ಫುಟ್‌ಪಾತ್ ಇದ್ದೂ ಇಲ್ಲದ ಹಾಗೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕಂಟ್ರಾಕ್ಟರಿಗೆ ದುಡ್ಡು ಸಿಗುವುದು ಡಾಂಬರಿನಲ್ಲಿ. ಅವನು ಮೊದಲು ಅದನ್ನು ಮುಗಿಸುತ್ತಾನೆ, ಬಿಲ್ ತಗೋತಾನೆ, ಮಂತ್ರಿಗಳಿಂದ ಉದ್ಘಾಟನೆಯೂ ಆಗುತ್ತದೆ. ಫುಟ್‌ಪಾತ್ "ಬಾಕಿ ಕೆಲಸ" ಆಗಿ ಹಾಗೇ ಬಿದ್ದಿರುತ್ತದೆ. ಪಕ್ಕದ ಊರಲ್ಲಿ ಬಾಯಿ ತೆರೆದ ಚರಂಡಿಯ ಪಕ್ಕ ಮಕ್ಕಳು ಹೊಸ ಡಾಂಬರಿನ ಮೇಲೆ, ಲಾರಿಗಳ ಮಧ್ಯೆ ಸೈಕಲ್ ತುಳಿಯುವುದನ್ನು ನೋಡಿ ಹೊಟ್ಟೆ ಉರಿದಿತ್ತು. ಅದಕ್ಕೇ ಟೆಂಡರಿನ ಮೈಲಿಗಲ್ಲುಗಳನ್ನೇ ತಿರುಗಿಸಿ ಬರೆಸಿದೆ. ಚರಂಡಿ, ಫುಟ್‌ಪಾತ್, ಸೈಕಲ್ ದಾರಿ ಮುಗಿದು ಎಂಬಿ (ಕೆಲಸದ ಅಳತೆ ಪುಸ್ತಕ) ಬರೆದ ಮೇಲೇ ಮೇಲ್ಪದರದ ಡಾಂಬರು. ಮೊದಲ ಸಲ ಟೆಂಡರಿಗೆ ಯಾರೂ ಬರಲೇ ಇಲ್ಲ. ಎರಡನೇ ಸಲ ಒಬ್ಬರು ಬಂದರು. ಆ ಷರತ್ತಿನ ವಾಕ್ಯವನ್ನು ಹೇಗೆ ಬರೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದು ನನ್ನ ಹೊಟ್ಟೆಪಾಡು.

ಸೈಕಲ್ ದಾರಿ ಒಂದೇ ಏಟಿಗೆ ನಿಲ್ಲಲಿಲ್ಲ. ಕೆಲಸ ಶುರುವಾಗುವ ಮೊದಲೇ ಕಾಲೇಜಿನ ಮುಂದೆ ಬಿಳಿ ಗೆರೆ ಎಳೆಸಿ ನೋಡಿದ್ದೆವು. ವಾರದೊಳಗೆ ಬೈಕುಗಳ ಪಾರ್ಕಿಂಗ್ ಆಯಿತು. ಆಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಂಬ ನಿಲ್ಲಿಸಿದೆವು. ಒಂದೊಂದಕ್ಕೆ ಏಳೆಂಟು ನೂರು. ಟೆಂಪೊಗಳು ಮುರಿದು ಹಾಕಿದವು, ಬುಡದ ಬೋಲ್ಟು ಮಾತ್ರ ಮೇಲೆದ್ದು ಟೈರು ಸೀಳಿತು. ಆಮೇಲೆ ಎತ್ತರದ ದಾರಿಗೇ ಕೈ ಹಾಕಿದೆ. ಸೈಕಲ್ ದಾರಿ ಡಾಂಬರಿಗಿಂತ ಆರು ಸೆಂಟಿಮೀಟರ್ ಮೇಲೆ, ಫುಟ್‌ಪಾತ್ ಅದಕ್ಕಿಂತ ಇನ್ನಾರು ಮೇಲೆ. ಮಧ್ಯದ ಕರ್ಬನ್ನು ನೆಟ್ಟಗೆ ನಿಲ್ಲಿಸಬೇಡಿ, ಪೆಡಲ್ ತಾಗಿ ಮಗು ಬೀಳುತ್ತದೆ. ಇಳಿಜಾರು ಮಾಡಿ. ಪಾರ್ಕಿಂಗ್ ಇರುವ ಬದಿಯಲ್ಲಿ ನಿಂತ ಕಾರುಗಳೇ ಸೈಕಲ್ಲಿನವರಿಗೆ ತಡೆಗೋಡೆ. ಅರ್ಧ ಮೀಟರ್ ಕಟ್ಟೆ ಇರುವುದರಿಂದ ಕಾರಿನ ಬಾಗಿಲು ತೆಗೆದರೂ ಸೈಕಲ್ಲಿಗೆ ಬಡಿಯಲ್ಲ.

ಇಂಟರ್‌ಲಾಕ್ ಬ್ಲಾಕ್ ಹಾಕಿ ಅಂತ ಎಲ್ಲರೂ ಹೇಳಿದರು. ಹತ್ತು ಮೀಟರ್ ಹಾಕಿ ನೋಡಿದೆ. ಹುಡುಗರು ಅದನ್ನು ಬಿಟ್ಟು ಡಾಂಬರಿಗೇ ಇಳಿದರು. ಗಡಗಡ ಅನ್ನುವುದು ಯಾರಿಗೆ ಬೇಕು? ಕಾಂಕ್ರೀಟಿಗೆ ಹೋದೆ. ಹಸಿ ಇರುವಾಗಲೇ ಅಡ್ಡಡ್ಡ ಪೊರಕೆ ಎಳೆಸಿದೆ, ಮಳೆಯಲ್ಲಿ ಜಾರಬಾರದು ಅಂತ. ಜಾಯಿಂಟನ್ನು ಪಟ್ಟಿ ಇಟ್ಟು ಮಾಡಿಸದೆ ಮಾರನೇ ದಿನ ಕಟರ್‌ನಿಂದ ಸಣ್ಣಗೆ ಕೊಯ್ಸಿದೆ. ಚಕ್ರಕ್ಕೆ ಗೊತ್ತೇ ಆಗಲ್ಲ. ಕೆಂಪು ಆಕ್ಸೈಡ್ ಸೇರಿಸಿದ ಪ್ರಯೋಗವೂ ಆಯಿತು. ಮೊದಲ ಬೇಸಿಗೆಗೆ ಚೆನ್ನಾಗಿತ್ತು, ಆಮೇಲೆ ಮಂಕಾಯಿತು. ಆ ಖರ್ಚು ಬೇಡ. ನೀರು ಇಳಿಯುವ ಜಾಲರಿಯ ಸರಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡಲಾಗಿರಲಿ. ಉದ್ದಕ್ಕೆ ಇದ್ದರೆ ಮುಂದಿನ ಚಕ್ರ ಒಳಗೆ ಕೂತುಬಿಡುತ್ತದೆ. ಫ್ಯಾಬ್ರಿಕೇಶನ್‌ನವನಿಗೆ ಇದನ್ನು ನಾಲ್ಕು ಸಲ ಹೇಳಿದರೂ ಕಮ್ಮಿಯೇ.

ಮನೆ ಗೇಟುಗಳು ಇನ್ನೊಂದು ತಲೆನೋವು. ಪ್ರತಿ ಗೇಟಿಗೂ ಫುಟ್‌ಪಾತ್ ಇಳಿಸಿ ಹತ್ತಿಸಿದರೆ ವಯಸ್ಸಾದವರು ಅಲ್ಲಿ ನಡೆಯಲ್ಲ, ರಸ್ತೆಗೇ ಇಳೀತಾರೆ. ನಾನು ಫುಟ್‌ಪಾತನ್ನು ಎಲ್ಲೂ ಇಳಿಸಿಲ್ಲ. ಕಾರು ಹತ್ತುವ ಇಳಿಜಾರೆಲ್ಲ ಆ ಅರ್ಧ ಮೀಟರ್ ಕಟ್ಟೆಯಲ್ಲೂ ಕರ್ಬಿನ ಇಳಿಜಾರಿನಲ್ಲೂ ಮುಗಿಯುತ್ತದೆ. ಅಡ್ಡರಸ್ತೆ ಬಂದಾಗಲೂ ಅಷ್ಟೇ, ಫುಟ್‌ಪಾತ್ ಅದೇ ಎತ್ತರದಲ್ಲಿ ದಾಟುತ್ತದೆ, ಗಾಡಿ ನಿಧಾನಕ್ಕೆ ಹತ್ತಿ ಇಳಿಯುತ್ತದೆ. ಇದನ್ನು ಮಾಡುವಾಗ ಅಡ್ಡರಸ್ತೆಯ ಮೇಲಿನ ಬದಿಗೆ ಜಾಲರಿ ಮರೆಯಬೇಡಿ. ನೀರು ಅಲ್ಲೇ ಕೆರೆಯಾಗುತ್ತದೆ.

ಫುಟ್‌ಪಾತಿಗೆ ಬೈಕ್ ಹತ್ತದ ಹಾಗೆ ಮಾಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಗಾಲಿಕುರ್ಚಿ ಹೋಗಲು 90 ಸೆಂಟಿಮೀಟರ್ ಬಿಡಲೇಬೇಕು. ಅಷ್ಟು ಜಾಗದಲ್ಲಿ ಸ್ಕೂಟರೂ ನುಗ್ಗುತ್ತದೆ. ಬೊಲಾರ್ಡುಗಳನ್ನು ಒಂದೇ ಸಾಲಿಗೆ ನಿಲ್ಲಿಸದೆ ಹಿಂದೆ ಮುಂದೆ ನಿಲ್ಲಿಸಿದರೆ ಸ್ಕೂಟರ್ ತಿರುಗಲು ಆಗಲ್ಲ, ಕುರ್ಚಿ ತಿರುಗುತ್ತದೆ. ಎಷ್ಟು ಹಿಂದೆ, ಎಷ್ಟು ಮುಂದೆ ಅನ್ನುವುದನ್ನು ನಿಜವಾದ ಗಾಲಿಕುರ್ಚಿ ಇಟ್ಟುಕೊಂಡು ನೀವೇ ಹುಡುಕಿ. ನಾನೂ ಹಾಗೇ ಹುಡುಕಿದ್ದು.

ಅಂಗಡಿಯವರು ಮೆಟ್ಟಿಲು ಹೋಗುತ್ತದೆ ಅಂತ ಗಲಾಟೆ ಮಾಡಿದ್ದರು. ಹೂವಿನವರು, ಸೊಪ್ಪಿನವರು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಯೂ ಇತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇರುವಾಗ ಅವರನ್ನು ಸುಮ್ನೆ ಎಬ್ಬಿಸಲು ಬರಲ್ಲ, ಎಬ್ಬಿಸಲೂಬಾರದು. ಪಾರ್ಕಿಂಗ್ ಸಾಲಿನಲ್ಲಿ ಪ್ರತಿ ಏಳೆಂಟು ಕಾರಿನ ಜಾಗಕ್ಕೆ ಒಂದನ್ನು ಅವರಿಗೆ ಕೊಟ್ಟೆವು, ನೆರಳಿಗೆ ಹೊಂಗೆ ಗಿಡ ಇಟ್ಟೆವು. ಇದರ ಫಲ ನಾನು ಎಣಿಸಿದ್ದಕ್ಕಿಂತ ಜಾಸ್ತಿ. ಸೈಕಲ್ ದಾರಿಯಲ್ಲಿ ಯಾರಾದರೂ ಬೈಕ್ ನಿಲ್ಲಿಸಿದರೆ ಸೊಪ್ಪಿನಮ್ಮನೇ ಎಬ್ಬಿಸಿ ಕಳಿಸ್ತಾರೆ, "ಮಕ್ಕಳು ಬರೋ ಹೊತ್ತು, ತೆಗಿಯಪ್ಪ" ಅಂತ.

ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಲಕ್ಷಾಂತರ ಸೈಕಲ್ ಹಂಚಿದರು, ಅವು ಓಡಲು ದಾರಿ ಮಾತ್ರ ಯಾರೂ ಮಾಡಲಿಲ್ಲ. ನಮ್ಮ ರಸ್ತೆಯಲ್ಲಿ ಈಗ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಇನ್ನೂರರ ಹತ್ತಿರ ಸೈಕಲ್ ಹೋಗುತ್ತವೆ. ಮೊದಲು ಅರವತ್ತೋ ಎಪ್ಪತ್ತೋ ಇದ್ದವು. ಜಾಮ್ ಆಗುತ್ತದೆ ಅಂದವರು ಈಗ ಆ ಮಾತು ಎತ್ತುತ್ತಿಲ್ಲ, ಅಡ್ಡಾದಿಡ್ಡಿ ನಿಲ್ಲುತ್ತಿದ್ದ ಗಾಡಿ ಪಕ್ಕಕ್ಕೆ ಹೋದ ಮೇಲೆ ಏಳು ಮೀಟರ್ ಧಾರಾಳ. ಹುಡುಗರು ಉಲ್ಟಾ ದಿಕ್ಕಿನಲ್ಲಿ ಬರುವುದನ್ನು ತಡೆಯಲು ಆಗಿಲ್ಲ. ಹಾಗಾಗಿ ಮುಂದಿನ ರಸ್ತೆಯ ಎಸ್ಟಿಮೇಟಿನಲ್ಲಿ ಶಾಲೆಯ ಬದಿಗೆ ಒಂದೂವರೆ ಬದಲು ಎರಡು ಮೀಟರ್ ಹಿಡಿದಿದ್ದೇನೆ.

ಗುಡಿಸುವ ವ್ಯವಸ್ಥೆಯನ್ನು ಮೊದಲೇ ಮಾತಾಡಿಕೊಳ್ಳಿ. ಟ್ರಾಕ್ಟರ್ ಸೈಕಲ್ ದಾರಿಗೆ ಹತ್ತಲ್ಲ, ಕೈಯಿಂದಲೇ ಗುಡಿಸಬೇಕು. ಮರಳು ನಿಂತರೆ ತಿರುವಿನಲ್ಲಿ ಸೈಕಲ್ ಜಾರುತ್ತದೆ. ಇಲ್ಲಿ ಅದಕ್ಕೆಂದೇ ಇಬ್ಬರು ಪೌರಕಾರ್ಮಿಕರನ್ನು ಕೊಟ್ಟಿದ್ದಾರೆ, ಶಾಲೆ ಶುರುವಾಗುವ ಮೊದಲೇ ಮುಗಿಸುತ್ತಾರೆ. ನಿಮ್ಮ ಎಸ್ಟಿಮೇಟಿನಲ್ಲಿ ಮೂರು ವರ್ಷದ ನಿರ್ವಹಣೆಯನ್ನೂ ಸೇರಿಸಿಯೇ ಮಂಜೂರಾತಿಗೆ ಕಳಿಸಿ.