ಅಟ್ಟದಿಂದ ಫೋನಿಗೆ ಬಂದ ನನ್ನ ನೋಟ್ಸ್

ನನ್ನದು ಸಕಲೇಶಪುರದ ಹತ್ತಿರದ ಹಳ್ಳಿ. ಕೆಎಎಸ್‌ಗೆ ಓದಲು ಹಾಸನದಲ್ಲಿ ರೂಮು ಮಾಡಿಕೊಂಡಿದ್ದೇನೆ. ಮೊದಲ ಎರಡು ವರ್ಷ ಬರೆದ ಹನ್ನೊಂದು ನೋಟ್‌ಬುಕ್‌ಗಳನ್ನು ಊರಿನ ಮನೆಯ ಅಟ್ಟದ ಮೇಲೆ ಇಟ್ಟಿದ್ದೆ. ಮಳೆಗಾಲ ಮುಗಿದು ಇಳಿಸಿ ನೋಡಿದರೆ ರಟ್ಟಿಗೆಲ್ಲ ಬೂಷ್ಟು. ಜೆಲ್ ಪೆನ್ನಿನ ಶಾಯಿ ಹರಡಿ ಈ ಪುಟದ ಅಕ್ಷರ ಆ ಪುಟಕ್ಕೆ ಅಂಟಿಕೊಂಡಿತ್ತು. ಅಮ್ಮ ಒಂದೊಂದನ್ನೇ ಬಚ್ಚಲೊಲೆಯ ಹತ್ತಿರ ಹರವಿ ಒಣಗಿಸಿದಳು. "ಇಷ್ಟು ದುಂಡಗೆ ಬರೆದಿದ್ದೀಯಲ್ಲೋ ಮಗಾ" ಅನ್ನುವಾಗ ಅವಳ ಗಂಟಲು ಕಟ್ಟಿತ್ತು. ಓದುವ ಹಾಗೆ ಉಳಿದದ್ದು ನಾಲ್ಕೇ.

ಅಂದಿನಿಂದ ಟೈಪ್ ಮಾಡತೊಡಗಿದೆ. ಮೊದಲ ಪೆಟ್ಟು ಫಾಂಟಿನಲ್ಲೇ ಬಿತ್ತು. ಡಿಟಿಪಿ ಕೆಲಸಕ್ಕೆ ಬಳಸುವ ಹಳೆಯ ಆಸ್ಕಿ ಫಾಂಟಿನಲ್ಲಿ ಎರಡು ತಿಂಗಳು ಬಡಿದೆ. ಫೋನಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿಕೊಂಡಿರುತ್ತವೆ, ಅಷ್ಟೇ. ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ, ಹುಡುಕಿದರೂ ಏನೂ ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶಕ್ಕೆ ಹಾಕಿ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್ ಮಾಡಿಕೊಂಡೆ, ಅರ್ಕಾವತ್ತು ತಪ್ಪಿದ್ದ ಕಡೆ ಕೈಯಲ್ಲೇ ತಿದ್ದಿದೆ. ನಾನು ಬಳಸುತ್ತಿದ್ದ, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಯೂನಿಕೋಡ್‌ನಲ್ಲೂ ಸಿಗುವುದರಿಂದ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಕನ್ನಡದಲ್ಲಿ ಓದುವವರು ಮೊದಲ ದಿನವೇ ಯೂನಿಕೋಡ್‌ನಲ್ಲಿ ಶುರುಮಾಡಿ, ದಮ್ಮಯ್ಯ.

ಬದಲಾಯಿಸಿದ್ದು ಸಾರ್ಥಕ ಅನ್ನಿಸಿದ್ದು ವಿಶ್ವ ಪರಂಪರೆಯ ಪುಟದಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ ಸೇರಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಬಂದವು, ಭಾರತದ 42ನೆಯದಾಗಿ. 2024ರಲ್ಲಿ ಅಸ್ಸಾಮಿನ ಮೊಯ್ದಾಮ್‌ಗಳು (ಅಹೋಮ್ ರಾಜರ ಸಮಾಧಿ ದಿಬ್ಬಗಳು) 43, 2025ರಲ್ಲಿ ಮರಾಠರ ಕೋಟೆಗಳು 44. ಪುಸ್ತಕದಲ್ಲಾಗಿದ್ದರೆ ಗೀಚಿ, ಬಾಣ ಹಾಕಿ, ಅಂಚಿನಲ್ಲಿ ಇರುಕಿಸಬೇಕಿತ್ತು. ಇಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು. ಹಂಪಿ 1986, ಪಟ್ಟದಕಲ್ಲು 1987, ಪಶ್ಚಿಮ ಘಟ್ಟ 2012, ಎಲ್ಲವೂ ಒಂದೇ ಕಡೆ.

ಹುಡುಕುವಾಗ ಕಾಗುಣಿತ ಕೈಕೊಡುತ್ತದೆ. ಹೊಯ್ಸಳ ದೊರೆಯ ಹೆಸರನ್ನು ಒಂದು ಕಡೆ 'ಬಲ್ಲಾಳ', ಇನ್ನೊಂದು ಕಡೆ 'ಬಳ್ಳಾಳ' ಎಂದು ಬರೆದಿದ್ದೆ, ಅರ್ಧ ನೋಟ್ಸ್ ಕಣ್ಣಿಗೇ ಬೀಳಲಿಲ್ಲ. ಈಗ ಪ್ರತಿ ಪುಟದ ಮೊದಲ ಸಾಲಿನಲ್ಲಿ ಎರಡೂ ರೂಪ ಹಾಕುತ್ತೇನೆ. ಇನ್ನು ಊರಲ್ಲಿ ಮಳೆಗೆ ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದೆ, ಹಾಗಾಗಿ ಗೂಗಲ್ ಡಾಕ್ಸ್‌ನಲ್ಲಿ ಬೇಕಾದ ಕಡತಗಳನ್ನು ಆಫ್‌ಲೈನ್ ಮಾಡಿಯೇ ಬಸ್ಸು ಹತ್ತುವುದು.

ಆದರೆ ಒಂದು ವಿಷಯದಲ್ಲಿ ದೊಡ್ಡ ತಪ್ಪು ಮಾಡಿದೆ. ಆರು ತಿಂಗಳು ಪೆನ್ನನ್ನೇ ಮುಟ್ಟಲಿಲ್ಲ. ಪ್ರಿಲಿಮ್ಸ್‌ನಲ್ಲಿ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಿದರೆ ಆಯಿತು, ಮುಖ್ಯ ಪರೀಕ್ಷೆಯಲ್ಲಿ ಮೂರು ಗಂಟೆ ಕೈಯಲ್ಲೇ ಬರೆಯಬೇಕು. ಅಭ್ಯಾಸದ ಟೆಸ್ಟ್‌ಗೆ ಕೂತಾಗ ಎರಡನೇ ಗಂಟೆಗೇ ಹೆಬ್ಬೆರಳ ಬುಡ ಸೆಳೆಯತೊಡಗಿತು, ನಾಲ್ಕು ಪ್ರಶ್ನೆ ಖಾಲಿ ಬಿಟ್ಟು ಬಂದೆ. ಇನ್ನೊಂದು ಸಂಗತಿಯೂ ಅಂದೇ ತಿಳಿಯಿತು: ಕಾಪಿ ಮಾಡಿ ಅಂಟಿಸಿಕೊಂಡ ನೋಟ್ಸ್ ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಬರೆಯಲು ಹೊರಟರೆ ಎರಡನೇ ವಾಕ್ಯ ಹೊರಡುವುದಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಫೋನನ್ನು ಬ್ಯಾಗಿಗೆ ಹಾಕಿ, ಒಂದು ಬದಿ ಖಾಲಿಯಿರುವ ಹಾಳೆಯಲ್ಲಿ ಒಂದು ಉತ್ತರ ನೆನಪಿನಿಂದ ಬರೆಯುತ್ತೇನೆ. ಆಮೇಲೆ ನೋಟ್ಸ್ ತೆಗೆದು ಕೆಂಪು ಪೆನ್ನಿನಲ್ಲಿ ಬಿಟ್ಟುಹೋದದ್ದನ್ನು ಸೇರಿಸುತ್ತೇನೆ. ನಿನ್ನೆ ಹೇಮಾವತಿ ನದಿ ಬರೆದೆ. ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವುದೂ ಗೊರೂರಿನ ಅಣೆಕಟ್ಟೂ ನೆನಪಾದವು, ಅಣೆಕಟ್ಟು ಮುಗಿದ 1979 ಮಾತ್ರ ಕೆಂಪು ಶಾಯಿಯಲ್ಲಿ ಬಂತು. ಹನ್ನೊಂದು ನಿಮಿಷ, ಒಂದೂವರೆ ಪುಟ.