ಕ್ಯೂಇಎಂಯು: ವರ್ಶನ್ ಏರಿಸುವ ಮುಂಚೆ

ಬಳ್ಳಾರಿ ಬಿಸಿಲಿಗೆ ಸರ್ವರ್ ರೂಮಿನ ಎಸಿ ಕೈಕೊಟ್ಟಿತು. ಓಡುತ್ತಿದ್ದ ವಿಎಂ (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಅನ್ನು, ಅದನ್ನು ಓಡಿಸುವ ಸಾಫ್ಟ್‌ವೇರ್ ಆದ ಕ್ಯೂಇಎಂಯುವಿನ ಹಳೆ ಆವೃತ್ತಿ ಇರುವ ಮಷೀನಿಗೆ ದಾಟಿಸಲು ಹೋದೆ, ಆಗಲಿಲ್ಲ. ತಪ್ಪು ನನ್ನದೇ. ವಿಎಂನ ಒಂದು ಡಿವೈಸ್‌ನ ಕೋಡಿಗೆ, ದಾಟುವಾಗ ಕಳಿಸಬೇಕಾದ ಒಂದು ಫೀಲ್ಡ್ ಸೇರಿಸಿ, ಆ ಡಿವೈಸ್ ಕಳಿಸುವ ಸ್ಥಿತಿಯ ಆವೃತ್ತಿ ಸಂಖ್ಯೆ ‘ವರ್ಶನ್_ಐಡಿ’ಯನ್ನು ಸುಮ್ನೆ 2ರಿಂದ 3ಕ್ಕೆ ಏರಿಸಿದ್ದೆ. ಒಪ್ಪುವ ಅತಿ ಹಳೆ ಆವೃತ್ತಿ ಹೇಳುವ ‘ಮಿನಿಮಮ್_ವರ್ಶನ್_ಐಡಿ’ 2 ಇದ್ದರೆ ಹಳೆಯದು ಹೊಸದಕ್ಕೆ ಬರುತ್ತದೆ. ಹೊಸದನ್ನು ಮಾತ್ರ ಹಳೆಯದು ಒಪ್ಪುವುದಿಲ್ಲ.

ಅದಕ್ಕೇ ವರ್ಶನ್ ಏರಿಸದೆ, ಹೊಸ ಫೀಲ್ಡನ್ನು ಸಬ್‌ಸೆಕ್ಷನ್‌ನಲ್ಲಿಡಿ, ಅಂದರೆ ಬೇಕಾದಾಗ ಮಾತ್ರ ಕಳಿಸುವ ತುಣುಕಿನಲ್ಲಿ. ‘ನೀಡೆಡ್’ ಫಂಕ್ಷನ್ ಟ್ರೂ ಅಂದಾಗ ಮಾತ್ರ ಅದು ಹೊರಡುತ್ತದೆ. ಡೀಫಾಲ್ಟ್ ಮೌಲ್ಯವೇ ಇದ್ದರೆ ಕಳಿಸುವುದೇಕೆ, ಅಲ್ವಾ? ಸಬ್‌ಸೆಕ್ಷನ್ ಬರದಿದ್ದರೆ ಫೀಲ್ಡ್ ಇದ್ದಂತೆಯೇ ಉಳಿಯುತ್ತದೆ, ಹಾಗಾಗಿ ಸ್ಥಿತಿ ತುಂಬುವ ಮುಂಚೆ ಓಡುವ ‘ಪ್ರೀ_ಲೋಡ್’ನಲ್ಲಿ ಡೀಫಾಲ್ಟ್ ತುಂಬಿಡಿ. ನಾನು ಜಾಸ್ತಿ ಮರೆಯುವುದು ಇದನ್ನೇ.

ಡಿವೈಸ್‌ನ ನಡವಳಿಕೆಯೇ ಬದಲಾದರೆ ಅದಕ್ಕೆ ಒಂದು ಪ್ರಾಪರ್ಟಿ (ಆನ್-ಆಫ್ ಮಾಡುವ ಆಯ್ಕೆ) ಮಾಡಿ, ಹಳೆ ಮಷೀನ್ ಟೈಪ್‌ಗಳಿಗೆ (ವಿಎಂನ ಹಳೆ ಹಾರ್ಡ್‌ವೇರ್ ಮಾದರಿಗಳಿಗೆ) ‘ಎಚ್‌ಡಬ್ಲ್ಯೂ_ಕಂಪ್ಯಾಟ್’ ಪಟ್ಟಿಯಲ್ಲಿ ಅದನ್ನು ಆಫ್ ಮಾಡಿ. ಎರಡೂ ದಿಕ್ಕಿಗೆ ದಾಟಿಸಿ ನೋಡಿದ ಮೇಲೆಯೇ ಪ್ಯಾಚ್ ಕಳಿಸಿ.