ನೈರುತ್ಯದ ಟ್ಯಾಂಕು, ಡಿಸೆಂಬರಿನ ನೆರಳು

ತುಮಕೂರಿನ ನಮ್ಮ ಮನೆಯ ತಾರಸಿಯ ಮೇಲೆ ಬಿಸಿಲಿಗೆ ಎರಡು ಕೆಲಸಗಳಿವೆ. 2016ರಲ್ಲಿ ಹಾಕಿಸಿದ 200 ಲೀಟರಿನ ಸೋಲಾರ್ ಹೀಟರ್ ನೀರು ಕಾಯಿಸುತ್ತದೆ. 2024ರ ಮೇ ತಿಂಗಳಲ್ಲಿ ಕೂರಿಸಿದ 540 ವ್ಯಾಟಿನ ಆರು ಫಲಕಗಳು ವಿದ್ಯುತ್ ಕೊಡುತ್ತವೆ. ಫಲಕ ಬಂದ ಮೇಲೆ ಹೀಟರ್ ಏಕೆ, ಅದೇ ಕರೆಂಟಿನಲ್ಲಿ ಗೀಸರ್ ಹಾಕಬಹುದಲ್ಲ ಎಂದು ಕೇಳುವವರು ಬಹಳ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 8 ಯೂನಿಟ್ ಬೇಕು. ನನ್ನ ಆರೂ ಫಲಕಗಳು ಸೇರಿ ಒಳ್ಳೆಯ ಬಿಸಿಲಿನ ದಿನ ಕೊಡುವುದು 13 ಯೂನಿಟ್. ಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತದೆ, ಹೀಟರ್ ಸುಮಾರು ಅರ್ಧದಷ್ಟನ್ನು ನೇರವಾಗಿ ನೀರಿಗೆ ಇಳಿಸುತ್ತದೆ. ಆದ್ದರಿಂದ ಒಂದಕ್ಕೆ ಮಾತ್ರ ಹಣವಿದ್ದರೆ ಮೊದಲು ಹೀಟರನ್ನೇ ಹಾಕಿಸಿ ಎನ್ನುತ್ತೇನೆ.

ಹೀಟರಿನಲ್ಲಿ ಪಂಪು ಇಲ್ಲ. ಇಪ್ಪತ್ತು ಗಾಜಿನ ಕೊಳವೆಗಳಲ್ಲಿ ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯ ನೀರು ಅದರ ಜಾಗಕ್ಕೆ ಇಳಿಯುತ್ತದೆ. ಪ್ರತಿ ಕೊಳವೆಗೂ ಎರಡು ಪದರದ ಗಾಜಿದ್ದು, ನಡುವಿನ ಗಾಳಿಯನ್ನು ತೆಗೆದಿರುವುದರಿಂದ ಒಳಗಿನ ಶಾಖ ಹೊರಗೆ ಸೋರುವುದಿಲ್ಲ. ಮೂರು ವರ್ಷಗಳ ಹಿಂದೆ ನೀರು ಉಗುರುಬೆಚ್ಚಗೆ ಮಾತ್ರ ಬರತೊಡಗಿದಾಗ ಕೊಳವೆಗಳ ತುದಿಯನ್ನು ಒಂದೊಂದಾಗಿ ನೋಡಿದೆ. ಹದಿನೇಳರ ತುದಿ ಕನ್ನಡಿಯಂತೆ ಹೊಳೆಯುತ್ತಿತ್ತು, ಮೂರರದು ಹಾಲಿನಂತೆ ಬೆಳ್ಳಗಾಗಿತ್ತು. ಒಳಗೆ ಗಾಳಿ ಹೊಕ್ಕಿದೆ ಎಂಬುದಕ್ಕೆ ಅದೇ ಗುರುತು. ಆ ಮೂರನ್ನು ಬದಲಿಸಿದ್ದಲ್ಲದೆ, ಉಳಿದವುಗಳೊಳಗೆ ಕಟ್ಟಿದ್ದ ಸುಣ್ಣದಂಥ ಪದರವನ್ನೂ ತೆಗೆಯಬೇಕಾಯಿತು. ಹೇಮಾವತಿ ನೀರು ಬಾರದ ದಿನಗಳಲ್ಲಿ ಬೋರ್‌ವೆಲ್ ನೀರನ್ನೇ ಬಿಡುವ ಮನೆಗಳಲ್ಲಿ ಇದು ತಪ್ಪಿದ್ದಲ್ಲ.

ಫಲಕಗಳ ವಿಷಯದಲ್ಲಿ ನಾನು ಎಡವಿದ್ದು ನೆರಳಿನಲ್ಲಿ. ವಾಸ್ತುವಿನ ಪ್ರಕಾರ ನೀರಿನ ಟ್ಯಾಂಕು ನೈರುತ್ಯ ಮೂಲೆಯಲ್ಲಿದೆ, ಫಲಕಗಳ ಮಟ್ಟಕ್ಕಿಂತ ಆರು ಅಡಿ ಎತ್ತರಕ್ಕೆ. ಅದರ ಈಶಾನ್ಯಕ್ಕೆ ಫಲಕಗಳ ಸಾಲು. ಮೇ ತಿಂಗಳಲ್ಲಿ ನಮ್ಮ ಊರಿನಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುವುದರಿಂದ ನೆರಳು ಆ ಕಡೆ ಸುಳಿಯಲೇ ಇಲ್ಲ; ಜೋಡಿಸಲು ಬಂದವರೂ ಚಳಿಗಾಲದ ಮಾತೆತ್ತಲಿಲ್ಲ, ನನಗೂ ಹೊಳೆಯಲಿಲ್ಲ. ಡಿಸೆಂಬರಿನಲ್ಲಿ ಮೊಬೈಲಿನಲ್ಲಿ ಕಾಣುವ ಉತ್ಪಾದನೆಯ ಗೆರೆ ಮಧ್ಯಾಹ್ನ ಎರಡೂವರೆಯ ನಂತರ ಮೆಟ್ಟಿಲಿನಂತೆ ಕುಸಿಯುತ್ತಿತ್ತು. ಮೇಲೆ ಹತ್ತಿ ನೋಡಿದರೆ ಟ್ಯಾಂಕಿನ ನೆರಳು ಕೊನೆಯ ಎರಡು ಫಲಕಗಳ ಮೇಲೆ ಮಲಗಿತ್ತು. ಆರೂ ಫಲಕಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿರುವುದರಿಂದ ಎಲ್ಲದರಲ್ಲೂ ಒಂದೇ ಪ್ರವಾಹ ಹರಿಯಬೇಕು. ನೆರಳು ಬಿದ್ದ ಭಾಗವು ಅಷ್ಟನ್ನು ಹರಿಸಲಾರದೆ ಹೋದಾಗ ಫಲಕದಲ್ಲೇ ಇರುವ ಬೈಪಾಸ್ ಡಯೋಡು ಆ ಭಾಗವನ್ನು ಬಿಟ್ಟು, ಪಕ್ಕದ ದಾರಿಯಿಂದ ಪ್ರವಾಹವನ್ನು ಮುಂದೆ ಸಾಗಿಸುತ್ತದೆ, ಆದರೆ ಆ ಭಾಗದ ಉತ್ಪಾದನೆ ಪೂರ್ತಿ ನಷ್ಟ.

ಡಿಸೆಂಬರ್ 22ರಂದು ಗಂಟೆಗೊಮ್ಮೆ ಮೇಲೆ ಹೋಗಿ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ. ಬೇಸಿಗೆಯಲ್ಲಿ ಹಾಕಿಸುವವರು ಲೆಕ್ಕದಿಂದಲೇ ತಿಳಿಯಬಹುದು: ಆ ದಿನಗಳಲ್ಲಿ ಇಲ್ಲಿ ನಡುಹಗಲ ಸೂರ್ಯನ ಎತ್ತರ ಸುಮಾರು 53 ಡಿಗ್ರಿ, ಹಾಗಾಗಿ ಆರು ಅಡಿಯ ವಸ್ತುವಿನ ನೆರಳು ಉತ್ತರಕ್ಕೆ ನಾಲ್ಕೂವರೆ ಅಡಿ, ಮೂರು ಗಂಟೆಯ ಹೊತ್ತಿಗೆ ಅದು ಈಶಾನ್ಯದ ಕಡೆಗೆ ವಾಲಿ ಎಂಟು ಅಡಿ ದಾಟುತ್ತದೆ. ಜನವರಿಯಲ್ಲಿ ಚೌಕಟ್ಟನ್ನು ಪೂರ್ವಕ್ಕೆ ಬೆಳೆಸಿ ಆ ಎರಡು ಫಲಕಗಳನ್ನು ಅಲ್ಲಿಗೆ ಸಾಗಿಸಿದೆವು. ಟ್ಯಾಂಕನ್ನು ಸರಿಸೋಣವೆಂದರೆ ಅಮ್ಮ ಒಪ್ಪಲಿಲ್ಲ.

ಅಮ್ಮನ ಇನ್ನೊಂದು ತಕರಾರಿಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಏಪ್ರಿಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ, "ಇಷ್ಟು ಬಿಸಿಲಿದೆ, ಇದ್ಯಾಕಪ್ಪಾ ನಿಂತಿತು?" ಎಂದರು. ಬೆಸ್ಕಾಂ ತಂತಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ನಮ್ಮಂಥ ವ್ಯವಸ್ಥೆಯಲ್ಲಿ ಹೊರಗಿನ ಪೂರೈಕೆ ನಿಂತೊಡನೆ, ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಕೂಡ ನಿಲ್ಲಬೇಕು. ಇಲ್ಲವಾದರೆ ನಮ್ಮ ಮನೆಯ ವಿದ್ಯುತ್ತು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ನನ ಜೀವಕ್ಕೆ ಕುತ್ತು. ಅಂದಹಾಗೆ, ಏಪ್ರಿಲಿನ ಆ ಉರಿಬಿಸಿಲು ಫಲಕಗಳಿಗೆ ಹಿತವೂ ಅಲ್ಲ. ಅವು ದುಡಿಯುವುದು ಬೆಳಕಿನಿಂದ. 25 ಡಿಗ್ರಿಗಿಂತ ಮೇಲೆ ಅವುಗಳ ಮೈ ಕಾದಷ್ಟೂ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಕಡಿಮೆ ಕೊಡುತ್ತವೆ.

ಹಣದ ಮಾತಿಗೆ ಬಂದರೆ, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಗೃಹಜ್ಯೋತಿಯಿಂದ ಈಗಾಗಲೇ ಶೂನ್ಯ ಬಿಲ್ಲು ಬರುತ್ತಿರುವ ಮನೆಯವರಿಗೆ ಫಲಕದಿಂದ ಉಳಿತಾಯ ಎಲ್ಲಿಂದ ಬಂದೀತು ಎಂದು ನಾನೇ ಕೇಳುತ್ತೇನೆ. ನಮ್ಮದು ಬೇಸಿಗೆಯಲ್ಲಿ 300 ಯೂನಿಟ್ ದಾಟುವ ಮನೆ.

ಫಲಕಗಳನ್ನು ಹದಿನೈದು ದಿನಕ್ಕೊಮ್ಮೆ, ಗಾಜು ಕಾಯುವ ಮೊದಲು, ಬೆಳಿಗ್ಗೆ ಏಳರೊಳಗೆ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇನೆ. ಬೋರ್‌ವೆಲ್ ನೀರು ಹಾಕಿದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆಂದು, ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರನ್ನೇ ಬಳಸುತ್ತೇನೆ. ಅದು ಮುಗಿದರೆ ಹೇಮಾವತಿಗೆ ಕಾಯುತ್ತೇನೆ.